ಬಿಸಿಲು ಅಳೆಯಲು ಹೋದವಳು

ಇನ್ನೊಬ್ಬರ ಮನೆಯ ತಾರಸಿ ಹತ್ತುವುದೇ ಕೆಲಸವಾದವರಿಗೆ ದಿನಕ್ಕೊಂದು ಫಜೀತಿ ಗ್ಯಾರಂಟಿ. ಕೆಳಗಡೆ ಎಲ್ಲರ ಮನೆಯೂ ಒಂದೇ ಥರ. ಬೆತ್ತದ ಕುರ್ಚಿ, ಶೋಕೇಸಿನಲ್ಲಿ ಗೊಂಬೆ, ಟಿವಿ ಮೇಲೆ ಕಸೂತಿ ಹಾಕಿದ ಬಟ್ಟೆ. ಅಸಲಿ ಸಂಸಾರ ಇರುವುದು ತಾರಸಿಯ ಮೇಲೆ. ಅಲ್ಲಿಗೆ ಹೊರಗಿನವರು ಬರುತ್ತಾರೆ ಅಂತ ಯಾರೂ ಅಂದುಕೊಂಡಿರುವುದಿಲ್ಲ.

ಎಂಬತ್ತರ ದಶಕದ ಮಾತು. ಬಿ.ಎಸ್ಸಿ. ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗಿಬಂದು ಕಾಲ ಕಳೆಯುತ್ತಿದ್ದ ನನಗೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಆರು ತಿಂಗಳ ಟೆಂಪರರಿ ಕೆಲಸ ಸಿಕ್ಕಿತು. ಆಗ ಬೆಂಗಳೂರಿನಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಸಂಸ್ಥೆಯ ಪ್ರೊಫೆಸರ್ ಒಬ್ಬರ ತಲೆಗೆ ಒಂದು ಪ್ರಶ್ನೆ ಹೊಕ್ಕಿತ್ತು. ಈ ಊರಿನ ತಾರಸಿಗಳ ಮೇಲೆ ಸುಮ್ಮನೆ ಬಿದ್ದು ಹೋಗುವ ಬಿಸಿಲನ್ನೆಲ್ಲ ಹಿಡಿದು ಕರೆಂಟು ಮಾಡಿದರೆ ಎಷ್ಟು ಮನೆಗಳ ದೀಪ ಉರಿಯಬಹುದು? ಉತ್ತರ ಹುಡುಕಲು ಮೊದಲು ತಾರಸಿ ಅಳೆಯಬೇಕು. ರಾಜಾಜಿನಗರದಿಂದ ಕೆಂಗೇರಿವರೆಗೆ ಆರಿಸಿದ ಮನೆಗಳಿಗೆ ಹೋಗಿ, ಮೇಲೆ ಹತ್ತಿ, ಉದ್ದ ಅಗಲ ನೋಡಿ, ಯಾವ ಹೊತ್ತಿಗೆ ಎಲ್ಲಿಂದ ನೆರಳು ಬೀಳುತ್ತದೆ ಅಂತ ಫಾರಂ ತುಂಬಬೇಕು.

ನನ್ನ ಜೊತೆಗೆ ಒಬ್ಬ ಸರ್ವೆಯರ್ ಇದ್ದರು. ಹೊಲ ಗದ್ದೆ ಅಳೆದು ಅಳೆದು ರಿಟೈರ್ ಆದವರು. ನೆಲದ ಮೇಲೆ ಅವರ ಅಳತೆ ಒಂದು ಅಂಗುಲ ತಪ್ಪುತ್ತಿರಲಿಲ್ಲ. ತೊಂದರೆ ಒಂದೇ, ಮೂರನೇ ಮೆಟ್ಟಿಲು ದಾಟಿದರೆ ಅವರಿಗೆ ತಲೆ ಸುತ್ತುತ್ತಿತ್ತು. ಕೆಲಸಕ್ಕೆ ತೆಗೆದುಕೊಳ್ಳುವಾಗ ಯಾರೂ ಇದನ್ನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಹಾಗಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಬ್ಬಿಣದ ಏಣಿ ಹತ್ತುವವಳು ನಾನು, ಕೆಳಗೆ ಬೀದಿಯಲ್ಲಿ ಫಾರಂ ಹಿಡಿದು ನಿಲ್ಲುವವರು ಅವರು. ನಾನು ಮೇಲಿಂದ ಕೂಗಬೇಕು, ಅವರು ಕೆಳಗಿಂದ ಕೇಳಿ ಬರೆದುಕೊಳ್ಳಬೇಕು. ನಮ್ಮ ಸರ್ವೆ ಇಡೀ ಬೀದಿಗೆ ಕೇಳಿಸುತ್ತಿತ್ತು.

ಇಲ್ಲದ ರೂಮು

ರಾಜಾಜಿನಗರದ ಒಂದು ಮನೆ. ಬಾಗಿಲು ತೆಗೆದ ಯಜಮಾನರು ನನ್ನ ಕೈಯಲ್ಲಿದ್ದ ಟೇಪು ನೋಡಿದವರೇ ಗಂಭೀರರಾದರು.

"ಕಾರ್ಪೊರೇಷನ್ನಿಂದ ಬಂದ್ರಾ?"

"ಅಲ್ಲ ಸಾರ್. ತಾರಸಿ ಮೇಲೆ ಬಿಸಿಲು ಎಷ್ಟು ಬೀಳುತ್ತೆ ಅಂತ ಅಳೆಯೋಕೆ ಬಂದಿದೀವಿ."

"ಹೋದ ಸಲ ಬಂದೋರು ಸೊಳ್ಳೆ ಎಣಿಸೋಕೆ ಬಂದಿದೀವಿ ಅಂದಿದ್ರು. ಆಮೇಲೆ ನೋಟಿಸ್ ಬಂತು," ಅಂದರು ಯಜಮಾನರು. "ಮೇಲೆ ಏನೂ ಇಲ್ಲಮ್ಮ, ಖಾಲಿ ತಾರಸಿ. ಕೂತ್ಕೊಳಿ, ಕಾಫಿ ಕುಡಿದು ಹಾಗೇ ಬರ್ಕೊಂಡು ಹೋಗಿ."

ನೋಡದೆ ಬರೆಯೋ ಹಾಗಿಲ್ಲ ಸಾರ್ ಅಂತ ನಾನು ಏಣಿ ಹತ್ತಿದೆ. ಅವರೂ ನನ್ನ ಹಿಂದೆಯೇ ದಡಬಡ ಹತ್ತಿದರು. ಮೇಲೆ ಹೋಗಿ ನೋಡಿದರೆ ತಾರಸಿಯ ಮುಕ್ಕಾಲು ಭಾಗ ಒಂದು ಶೀಟಿನ ರೂಮು. ಕಿಟಕಿಗೆ ಹೂವಿನ ಕರ್ಟನ್ನು, ಬಾಗಿಲ ಮುಂದೆ ಕಾಲೊರೆಸುವ ಮ್ಯಾಟು, ಪಕ್ಕದಲ್ಲಿ ಒಂದು ತುಳಸಿ ಕುಂಡ.

"ಸಾರ್, ಈ ರೂಮು?"

"ಯಾವ ರೂಮು?" ಅಂದರು, ಅದರ ಗೋಡೆಗೆ ಒರಗಿ ನಿಂತುಕೊಂಡೇ.

"ನೀವು ಒರಗಿದೀರಲ್ಲ, ಅದು."

"ಓ, ಇದಾ. ಇದು ರೂಮಲ್ಲಮ್ಮ. ಬಟ್ಟೆ ಒಣಗಿಸೋವಾಗ ಗಾಳಿಗೆ ಹಾರಿ ಹೋಗ್ದೆ ಇರ್ಲಿ ಅಂತ ಒಂದು ಮರೆ."

ಮರೆಯ ಒಳಗಿಂದ ಒಗ್ಗರಣೆ ಸಿಡಿದ ಸದ್ದು ಬಂತು. ಕೆಳಗಿನಿಂದ ಸರ್ವೆಯರ್ ಕೂಗಿದರು, "ಖಾಲಿ ಜಾಗ ಎಷ್ಟಮ್ಮಾ?" ನಾನು ಉತ್ತರ ಹೇಳುವ ಮೊದಲೇ ಬಾಗಿಲು ತೆರೆದುಕೊಂಡಿತು. ಬನಿಯನ್, ಲುಂಗಿ ತೊಟ್ಟ ನಡುವಯಸ್ಸಿನವರೊಬ್ಬರು ಕೈಯಲ್ಲಿ ಸೌಟು ಹಿಡಿದುಕೊಂಡು ಹೊರಗೆ ಬಂದರು.

ಯಜಮಾನರ ಮುಖ ಒಂಚೂರೂ ಬದಲಾಗಲಿಲ್ಲ. "ಇವರು ನಮಗೆ ಬೇಕಾದೋರು. ಬಟ್ಟೆ ಒಣಗಿಸೋಕೆ ಬಂದಿದಾರೆ," ಅಂದರು.

ಸೌಟಿನವರು ಯಜಮಾನರನ್ನು ನೋಡಿದರು, ನನ್ನ ಟೇಪು ನೋಡಿದರು. ವಿಷಯ ಅರ್ಥವಾಯಿತು ಅಂತ ಕಾಣುತ್ತದೆ. ನನ್ನ ಕಡೆ ತಿರುಗಿ ಬಹಳ ವಿನಯದಿಂದ ಹೇಳಿದರು:

"ಬನ್ನಿ ಮೇಡಂ, ಬಿಸಿ ಉಪ್ಪಿಟ್ಟಿದೆ, ತಿನ್ಕೊಂಡು ಹೋಗಿ. ಎರಡು ವರ್ಷದಿಂದ ಇಲ್ಲೇ ಬಟ್ಟೆ ಒಣಗಿಸ್ತಾ ಇದೀನಿ."

ಯಾವ ಉಪಕರಣ?

ವಿಜಯನಗರದ ಒಂದು ತಾರಸಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಐದಾರು ಹಳೇ ಸೀರೆ ಹಾಸಿ, ಅದರ ಮೇಲೆ ಸಾಲು ಸಾಲಾಗಿ ಸಂಡಿಗೆ ಇಟ್ಟಿದ್ದರು. ನಡುವೆ ಸ್ಟೂಲಿನ ಮೇಲೆ ಮನೆಯ ಆಂಟಿ, ತಲೆಗೆ ಕಪ್ಪು ಕೊಡೆ, ಕೈಯಲ್ಲಿ ಕೋಲು. ಸುತ್ತ ಗೋಡೆಯ ಮೇಲೆ ಕಾಗೆಗಳು ಮದುವೆ ಪಂಕ್ತಿಗೆ ಕಾದವರಂತೆ ಕೂತಿದ್ದವು.

ನಾನು ಸರ್ವೆ ವಿಷಯ ಹೇಳಲು ಬಾಯಿ ತೆಗೆದೆ. ಅವರು ಕೊಡೆ, ಕೋಲು ಎರಡನ್ನೂ ನನ್ನ ಕೈಗೆ ಕೊಟ್ಟರು. "ಒಳ್ಳೇ ಹೊತ್ತಿಗೆ ಬಂದೆ ಕಣಮ್ಮ. ಒಲೆ ಮೇಲೆ ಬೇಳೆ ಇಟ್ಟಿದೀನಿ. ಐದೇ ನಿಮಿಷ ಕಾಗೆ ನೋಡ್ಕೋ, ಬಂದೆ."

ಆ ಐದು ನಿಮಿಷದಲ್ಲಿ ಅವರು ಸಾರು, ಪಲ್ಯ ಮುಗಿಸಿ, ಪಕ್ಕದ ಮನೆಯವರ ಜೊತೆ ಕಾಂಪೌಂಡಿನಲ್ಲಿ ನಿಂತು ಮಾತಾಡಿ, ಸ್ನಾನವನ್ನೂ ಮಾಡಿಕೊಂಡು ಬಂದರು. ಕೆಳಗಿನಿಂದ ಸರ್ವೆಯರ್ ಆಗಾಗ "ಏನಮ್ಮಾ, ಎಲ್ಲಿಗೆ ಬಂತು?" ಅಂತ ಕೂಗುತ್ತಿದ್ದರು. ನಾನು "ಇನ್ನೂ ಕಾಗೆ ಓಡಿಸ್ತಾ ಇದೀನಿ ಸಾರ್," ಅಂತ ಕೂಗುತ್ತಿದ್ದೆ. ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಆಂಟಿ ಬಂದ ಮೇಲೆ ಕೇಳಿದೆ, "ಇಲ್ಲಿ ನೆರಳು ಯಾವಾಗ ಬೀಳುತ್ತೆ ಆಂಟಿ?"

ಅವರು ಕೊಡೆ ವಾಪಸ್ ತಗೊಂಡು ಒಂದೇ ಉಸಿರಿಗೆ ಶುರು ಮಾಡಿದರು. "ಎಂಟೂಕಾಲಿಗೆ ಆ ಮೂಲೆಗೆ ಬಿಸಿಲು ಬರುತ್ತೆ. ಹತ್ತು ಗಂಟೆಗೆ ಪಕ್ಕದ ಮನೆ ಟ್ಯಾಂಕಿನ ನೆರಳು ಈ ಹಸಿರು ಸೀರೆ ಬಿಡುತ್ತೆ. ಮೂರು ಇಪ್ಪತ್ತಕ್ಕೆ ಹಿಂದಿನ ಮನೆ ಗೋಡೆ ನೆರಳು ಈ ಕೆಂಪು ಸೀರೆಗೆ ಬರುತ್ತೆ, ಆವಾಗ ನಾನು ಎಲ್ಲಾ ಆ ಕಡೆ ಎಳ್ಕೋತೀನಿ. ಇದು ಈಗಿನ ಕಥೆ. ಸಂಕ್ರಾಂತಿ ಆದ್ಮೇಲೆ ಎರಡು ಗೇಣು ಸರಿಯುತ್ತೆ. ಶಿವರಾತ್ರಿ ಹೊತ್ತಿಗೆ ಈ ಜಾಗದಲ್ಲಿ ನೆರಳೇ ಇರಲ್ಲ. ಶ್ರಾವಣದಲ್ಲಿ ನನ್ನ ಕೇಳಬೇಡ, ಆವಾಗ ಸಂಡಿಗೆ ಹಾಕಲ್ಲ."

ದಿಕ್ಸೂಚಿ ಹಿಡಿದು, ಸೂರ್ಯನ ದಾರಿ ತೋರಿಸುವ ಚಾರ್ಟು ಬಿಡಿಸಿ ಪರೀಕ್ಷೆ ಮಾಡಿದೆ. ಎಲ್ಲೂ ತಪ್ಪಿರಲಿಲ್ಲ. ಅವರು ಹೇಳಿದ್ದನ್ನೇ ಮೇಲಿಂದ ಕೂಗಿದೆ, ಸರ್ವೆಯರ್ ಬರೆದುಕೊಂಡರು.

ವಾರ ಕಳೆದು ಪ್ರೊಫೆಸರ್ ನನ್ನನ್ನು ಕರೆಸಿದರು. ಅವರು ಬಹಳ ಓದಿದವರು, ಆದರೆ ಅಡುಗೆಮನೆಗೆ ಊಟದ ಹೊತ್ತಲ್ಲಿ ಮಾತ್ರ ಹೋಗುತ್ತಿದ್ದವರು. "ಇಷ್ಟು ಫಾರಂಗಳಲ್ಲಿ ಇಡೀ ವರ್ಷದ ನೆರಳಿನ ಲೆಕ್ಕ ಇರೋದು ಇದೊಂದರಲ್ಲೇ. ಬಹಳ ಕರಾರುವಾಕ್ಕಾಗಿದೆ. ಯಾವ ಉಪಕರಣ ಬಳಸಿದ್ರಿ?"

"ಸಂಡಿಗೆ ಸಾರ್."

ಅವರು ಪೆನ್ನು ತೆಗೆದು ಆ ಹೆಸರನ್ನು ಜಾಗ್ರತೆಯಿಂದ ಬರೆದುಕೊಂಡರು. "ಒಳ್ಳೇದು. ಇನ್ಮೇಲೆ ಎಲ್ಲಾ ಮನೆಗೂ ಅದನ್ನೇ ತಗೊಂಡು ಹೋಗಿ. ಎಷ್ಟು ಬೇಕು ಅಂತ ಸ್ಟೋರ್ಸಿಗೆ ಇಂಡೆಂಟ್ ಕೊಟ್ಬಿಡಿ."

ನೆರಳಿಗೆ ಗಡಿ

ಬಸವೇಶ್ವರನಗರದ ಒಂದು ಮನೆಯ ಮೇಲಿಂದ ನಾನು ಎಂದಿನಂತೆ ಕೂಗಿದೆ. "ಪಕ್ಕದ ಮನೆ ತೆಂಗಿನ ಮರದ ನೆರಳು ಸಾರ್. ಮಧ್ಯಾಹ್ನದ ಮೇಲೆ ಅರ್ಧ ತಾರಸಿ ಹೋಗುತ್ತೆ."

ಕೂಗಬಾರದಿತ್ತು. ಮನೆಯ ಯಜಮಾನರು ಒಳಗಿಂದ ಪಂಚೆ ಕಟ್ಟಿಕೊಳ್ಳುತ್ತಾ ಓಡಿಬಂದರು. ಪಕ್ಕದ ಮನೆಯವರು ಪೇಪರ್ ಮಡಿಸಿಕೊಂಡು ಗೇಟಿಗೆ ಬಂದರು. ಇಬ್ಬರೂ ಒಂದೇ ಆಫೀಸಿನಲ್ಲಿ ಅಕ್ಕಪಕ್ಕದ ಮೇಜಿನವರು, ಆರು ವರ್ಷದಿಂದ ಮಾತಿಲ್ಲ ಅಂತ ಆಮೇಲೆ ತಿಳಿಯಿತು.

"ಬರ್ಕೊಳಿ ಸಾರ್," ಅಂದರು ಯಜಮಾನರು ನಮ್ಮ ಸರ್ವೆಯರ್‌ಗೆ. "ಇವರ ಮರ ನನ್ನ ಬಿಸಿಲು ತಿನ್ನುತ್ತೆ ಅಂತ ಸ್ಪಷ್ಟವಾಗಿ ಬರ್ಕೊಳಿ."

"ಬೇಸಿಗೇಲಿ ಅದೇ ನೆರಳಲ್ಲಿ ಸ್ಕೂಟರ್ ನಿಲ್ಲಿಸ್ತಾರಲ್ಲ, ಅದನ್ನೂ ಬರ್ಕೊಳಿ," ಅಂದರು ಮರದವರು.

"ನೆರಳು ನನ್ನ ಕಾಂಪೌಂಡ್ ಒಳಗೆ ಬಿದ್ದಿದೆ. ನನ್ನ ಸೈಟಲ್ಲಿ ಬಿದ್ದಿದ್ದು ನನ್ನದು."

"ಹಾಗಾದ್ರೆ ಕಾಯಿ ಬಿದ್ರೆ ಯಾಕೆ ವಾಪಸ್ ಎಸೀತೀರಿ? ಅದೂ ನನ್ನ ಸ್ಕೂಟರ್ ಮೇಲೆ."

ಕೊನೆಗೆ ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಪ್ಪಿದರು. ಸರ್ವೆಯರ್ ಹೇಗೂ ಬಂದಿದ್ದಾರೆ, ಯಾರ ಜಾಗದಲ್ಲಿ ಎಷ್ಟು ನೆರಳಿದೆ ಅಂತ ಅಂಗಳದಲ್ಲೇ ಗುರುತು ಹಾಕಿಬಿಡಲಿ. ಸರ್ವೆಯರ್ ಮುಖ ಅರಳಿತು. ಎಷ್ಟೋ ದಿನದ ಮೇಲೆ ನೆಲದ ಕೆಲಸ ಸಿಕ್ಕಿತ್ತು. ಜೇಬಿನಿಂದ ಸೀಮೆಸುಣ್ಣ ತೆಗೆದು, ಬಗ್ಗಿ, ಒಂದೊಂದು ಗರಿಯ ತುದಿಯನ್ನೂ ಬಿಡದೆ ನೆರಳಿನ ಸುತ್ತ ಗೆರೆ ಎಳೆದರು. ಅಷ್ಟು ಚೆಂದದ ನಕ್ಷೆಯನ್ನು ನಾನು ಆಮೇಲೆ ನೋಡಿಲ್ಲ.

ಗೆರೆ ಮುಗಿದ ಮೇಲೆ ಜಗಳ ಮುಂದುವರಿಯಿತು. ಅದು ಆಫೀಸಿನ ಪ್ರಮೋಷನ್ನಿಗೆ ಹೋಗಿ, ಅಲ್ಲಿಂದ ಯಾರದೋ ಮದುವೆಯಲ್ಲಿ ಹೋಳಿಗೆ ಬಡಿಸದೇ ಹೋದದ್ದಕ್ಕೆ ಹೋಗಿ, ಮತ್ತೆ ಮರಕ್ಕೆ ವಾಪಸ್ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಅಷ್ಟರಲ್ಲಿ ನೆರಳು ಗೆರೆ ದಾಟಿ ತನ್ನ ಪಾಡಿಗೆ ಮುಂದೆ ಹೋಗಿಬಿಟ್ಟಿತ್ತು.

ಯಜಮಾನರು ಅದನ್ನು ಗಮನಿಸಲಿಲ್ಲ. ಬೆರಳು ಎತ್ತಿ, "ಈ ನೆರಳನ್ನೇ ಸಾಕ್ಷಿ ಮಾಡಿ ಕೋರ್ಟಿಗೆ ಹೋಗ್ತೀನಿ," ಅಂದರು.

ಸರ್ವೆಯರ್ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ತಣ್ಣಗೆ ಹೇಳಿದರು, "ಬೇಗ ಹೋಗಿ ಸಾರ್. ಸಾಕ್ಷಿ ಆಗಲೇ ಹೊರಟಿದೆ."

ಅಳೆಯೋರು ಬಂದವ್ರೆ

ಕೆಂಗೇರಿಯ ಹಳೇ ಊರಿನಲ್ಲಿ ಒಂದು ತಾರಸಿ ಮನೆ. ಜಗಲಿ ಮೇಲೆ ಕೂತಿದ್ದ ಗೌಡರಿಗೆ ಎಂಬತ್ತರ ಹತ್ತಿರದ ವಯಸ್ಸು. ನಾವು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಸರ್ವೆಯರ್ ಕಡೆ ತಿರುಗಿದರು.

"ನಿನ್ನ ಎಲ್ಲೋ ನೋಡಿದೀನಲ್ಲಪ್ಪಾ."

"ಹಿಂದೆ ಈ ಕಡೆ ಹೊಲ ಅಳೆಯೋಕೆ ಬಂದಿದ್ದೆ ಗೌಡ್ರೆ."

"ಅದೇ ಮತ್ತೆ. ನೀನು ನಮ್ಮ ರಾಗಿ ಹೊಲ ಅಳ್ದೆ, ಲೇಔಟ್ ಆಯ್ತು. ನಮ್ಮ ಅಣ್ಣನ ತೋಪು ಅಳ್ದೆ, ರಸ್ತೆ ಆಯ್ತು. ಗುಂಡುತೋಪು ಅಳ್ದ್ರು, ಅದು ಎಲ್ಲೋಯ್ತು ಅಂತ ಈಗ್ಲೂ ಯಾರ್ಗೂ ಗೊತ್ತಿಲ್ಲ. ಈಗ ಏನು ಅಳೆಯಕ್ಕೆ ಬಂದ್ರಿ ಅಂದ್ರಿ?"

"ಬಿಸಿಲು," ಅಂದರು ಸರ್ವೆಯರ್, ಸ್ವಲ್ಪ ಸಣ್ಣ ದನಿಯಲ್ಲಿ.

ಗೌಡರು ಕೋಲೂರಿ ಎದ್ದು ನಿಂತು ಒಳಗೆ ಕೂಗಿ ಹೇಳಿದರು:

"ಲೇ, ರಾಗಿ ಎಲ್ಲಾ ಇವತ್ತೇ ಒಣಗಿಸ್ಕೊಳ್ರವ್ವಾ. ಬಿಸಿಲು ಅಳೆಯೋರು ಬಂದವ್ರೆ."

ದೀಪ ಉರಿದ ದಿನ

ಹೀಗೇ ಆರು ತಿಂಗಳು ಮುಗಿಯುತ್ತಾ ಬಂತು. ಮನೆಯಲ್ಲಿ ಅಪ್ಪ, "ಊರವರ ಸೂರು ಹತ್ತಿದ್ದು ಸಾಕು, ಇಳೀ ಇನ್ನು," ಅನ್ನುತ್ತಿದ್ದರು. ನನಗೋ ಆ ಕೆಲಸ ಹಿಡಿಸಿಬಿಟ್ಟಿತ್ತು. ಕೆಲಸ ಇನ್ನೊಂದು ವರ್ಷ ಮುಂದುವರಿಯಬೇಕಾದರೆ ಸರ್ಕಾರದ ಒಬ್ಬ ದೊಡ್ಡ ಅಧಿಕಾರಿ ಫೈಲಿಗೆ ಸಹಿ ಹಾಕಬೇಕು. ಬರೀ ಫಾರಂ ತೋರಿಸಿದರೆ ಅವರು ನಂಬುವುದಿಲ್ಲ, ಒಂದು ಮನೆಯಲ್ಲಾದರೂ ಬಿಸಿಲಿನಿಂದ ದೀಪ ಉರಿಸಿ ತೋರಿಸೋಣ ಅಂತ ಪ್ರೊಫೆಸರ್ ತೀರ್ಮಾನಿಸಿದರು.

ದೀಪಾಂಜಲಿ ನಗರದಲ್ಲಿ ಒಬ್ಬರು ಒಪ್ಪಿದರು. ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದವರು. ಮನೆಯಲ್ಲಿ ಅವರು ಮತ್ತು ಅವರ ವಯಸ್ಸಾದ ತಾಯಿ. ಅಧಿಕಾರಿ ಬರುವ ಒಂದು ವಾರ ಮೊದಲೇ ನಾವು ಅವರ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದೆವು. ಅದು ಹಗಲು ಬಿಸಿಲಿನಿಂದ ಕರೆಂಟು ಮಾಡಿ ಕೆಳಗಿನ ಬ್ಯಾಟರಿಗೆ ತುಂಬಬೇಕು, ಬ್ಯಾಟರಿ ಒಂದು ಪುಟ್ಟ ಟ್ಯೂಬ್ ಲೈಟ್ ಉರಿಸಬೇಕು. ಹಾಕಿದ ದಿನವೇ ಲೈಟು ಚೆನ್ನಾಗಿ ಉರಿಯಿತು. ಅಜ್ಜಿ ಪ್ಯಾನೆಲ್ಲಿಗೆ ಅರಿಶಿನ ಕುಂಕುಮ ಹಚ್ಚಿದರು. "ಎಷ್ಟು ನುಣುಪಾಗಿದೆ, ಕನ್ನಡಿ ಥರ. ಇದನ್ನ ಜೋಪಾನ ಮಾಡೋದು ನನಗೆ ಬಿಡಿ," ಅಂದರು. ನಮಗೆ ಬಹಳ ಸಂತೋಷವಾಯಿತು.

ಅಧಿಕಾರಿ ಬಂದ ದಿನ ಹನ್ನೊಂದು ಗಂಟೆಗೆ ಸುಡುವ ಬಿಸಿಲು. ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಪ್ರೊಫೆಸರ್ ಹೊಸ ಷರ್ಟು ಹಾಕಿದ್ದರು. ಅಕ್ಕಪಕ್ಕದವರೆಲ್ಲ ಬಂದಿದ್ದರು. ದೀಪ ಎದ್ದು ಕಾಣಲಿ ಅಂತ ಕಿಟಕಿ ಬಾಗಿಲು ಮುಚ್ಚಿ ಕರ್ಟನ್ ಎಳೆದಿದ್ದರು, ಸ್ವಿಚ್ಚಿಗೆ ಮಲ್ಲಿಗೆ ಹೂ ಸಿಕ್ಕಿಸಿದ್ದರು. ಮನೆಯ ಯಜಮಾನರು ಮಾತ್ರ ಯಾಕೋ ಬೆವರುತ್ತಿದ್ದರು. ಸೆಖೆ ಇರಬೇಕು ಅಂದುಕೊಂಡೆ.

ಅಧಿಕಾರಿ ಸ್ವಿಚ್ ಒತ್ತಿದರು. ಇಡೀ ರೂಮು ಝಗ್ ಅಂತ ಬೆಳಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೇ ಆಶ್ಚರ್ಯ, ನಾವು ಹಾಕಿದ್ದ ಲೈಟು ಅಷ್ಟು ಪ್ರಖರವಾಗಿರಲಿಲ್ಲ. ಪ್ರೊಫೆಸರ್ ನನ್ನ ಕಿವಿಯಲ್ಲಿ, "ಬಿಸಿಲು ಜಾಸ್ತಿ ಇದೆ, ನೋಡಿ," ಅಂದರು.

ಅಧಿಕಾರಿ ಖುಷಿಯಾಗಿ ಅಲ್ಲೇ ನಿಂತು ಭಾಷಣ ಶುರು ಮಾಡಿದರು. "ನೋಡಿ, ಇದು ಸೂರ್ಯದೇವ ಪುಕ್ಕಟೆ ಕೊಟ್ಟ ಕರೆಂಟು. ಇದಕ್ಕೆ ಮೀಟರಿಲ್ಲ, ಕಂಬ ಇಲ್ಲ. ಎಲ್ಲಕ್ಕಿಂತ ದೊಡ್ಡ ವಿಷಯ ಅಂದ್ರೆ ಇದಕ್ಕೆ ಪವರ್ ಕಟ್ ಅನ್ನೋದೇ ಇಲ್ಲ."

ಅವರು ಅದನ್ನು ಹೇಳಿ ಮುಗಿಸಿದ್ದೇ ತಡ, ತಲೆಯ ಮೇಲಿನ ಫ್ಯಾನು ನಿಧಾನವಾಯಿತು. ಪಕ್ಕದ ಮನೆಯ ರೇಡಿಯೋ ನಿಂತಿತು. ಸೂರ್ಯದೇವನ ದೀಪವೂ ಆರಿಹೋಯಿತು.

ಕತ್ತಲಲ್ಲಿ ಅಧಿಕಾರಿಯ ದನಿ ಕೇಳಿಸಿತು, "ಏನ್ರೀ, ಮೋಡ ಬಂತಾ?"

ಯಜಮಾನರು ಇಡೀ ಜೀವಮಾನದ ಅಭ್ಯಾಸದಿಂದ ಉತ್ತರ ಕೊಟ್ಟುಬಿಟ್ಟರು. "ಮೋಡ ಇಲ್ಲ ಸಾರ್. ಕರೆಂಟ್ ಹೋಯ್ತು."

ಕರ್ಟನ್ ಸರಿಸಿದೆವು. ಯಜಮಾನರು ತಲೆ ತಗ್ಗಿಸಿಕೊಂಡು ಎಲ್ಲ ಒಪ್ಪಿಕೊಂಡರು. ಅವತ್ತು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಲೈಟು ಉರಿಯಲಿಲ್ಲವಂತೆ. ದೊಡ್ಡವರು ಬರುತ್ತಾರೆ, ಮನೆಯ ಮರ್ಯಾದೆ, ಪ್ರೊಫೆಸರ್ ಮರ್ಯಾದೆ ಎರಡೂ ಹೋಗಬಾರದು ಅಂತ ನಮ್ಮ ಲೈಟು ಇಳಿಸಿ, ಅದೇ ಜಾಗಕ್ಕೆ ಅವರ ಮನೆಯ ಟ್ಯೂಬ್ ಲೈಟು ಹಾಕಿ, ಕ್ಯಾಲೆಂಡರಿನ ಹಿಂದಿನಿಂದ ಒಂದು ವೈರು ಎಳೆದು ಮೇನ್ ಲೈನಿಗೆ ಸೇರಿಸಿದ್ದರು. ಮೂವತ್ತು ವರ್ಷದ ಅನುಭವ. ಎಲ್ಲೂ ಒಂದು ಮೊಳೆಯೂ ಕಾಣಿಸುತ್ತಿರಲಿಲ್ಲ.

ಅಧಿಕಾರಿ ಕರ್ಚೀಫಿನಿಂದ ಮುಖ ಒರೆಸಿಕೊಂಡು ಹೊರಡಲು ಬಾಗಿಲ ಕಡೆ ತಿರುಗಿದರು. ಪ್ರೊಫೆಸರ್ ಮುಖ ನೋಡಲು ಆಗುತ್ತಿರಲಿಲ್ಲ. ನನ್ನ ಕೆಲಸ ಹೋಯಿತು ಅಂತ ಖಾತ್ರಿಯಾಗಿ, ಅಪ್ಪನ ಮಾತಿಗೆ ಇನ್ನು ಏನು ಉತ್ತರ ಹೇಳುವುದು ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪ್ರೊಫೆಸರ್, "ಇಷ್ಟು ಬಿಸಿಲಿದೆ, ಬ್ಯಾಟರಿ ತುಂಬದೆ ಇರೋಕೆ ಸಾಧ್ಯವೇ ಇಲ್ಲ. ಸಾರ್, ಒಂದು ನಿಮಿಷ ಮೇಲೆ ಬಂದು ನೋಡಿ," ಅಂದರು. ದನಿ ಅಳುವ ಹಾಗಿತ್ತು. ಪಾಪ ಅನ್ನಿಸಿರಬೇಕು, ಅಧಿಕಾರಿ ಒಪ್ಪಿದರು. ಸರ್ವೆಯರ್ ಒಬ್ಬರನ್ನು ಕೆಳಗೆ ಬಿಟ್ಟು ನಾವೆಲ್ಲ ತಾರಸಿ ಹತ್ತಿದೆವು.

ಪ್ಯಾನೆಲ್ ಇರಬೇಕಾದ ಜಾಗದಲ್ಲಿ ಒಂದು ದಪ್ಪ ಕರಿ ಕಂಬಳಿ ಇತ್ತು. ನೀಟಾಗಿ ಹೊದಿಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಇಟ್ಟಿಗೆ ಕಟ್ಟಿದ್ದರು. ಅದರ ಕೆಳಗೆ ನಮ್ಮ ಪ್ಯಾನೆಲ್ ಬೆಚ್ಚಗೆ ಮಲಗಿತ್ತು.

ಪ್ರೊಫೆಸರ್ ಕಂಬಳಿಗೆ ಕೈ ಹಾಕುತ್ತಿದ್ದ ಹಾಗೆ ಹಿಂದಿನಿಂದ ದನಿ ಬಂತು. "ತೆಗೀಬೇಡ ಕಣಪ್ಪ, ತೆಗೀಬೇಡ. ನಾನೇ ಹೊದಿಸಿದ್ದು." ಅಜ್ಜಿ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದರು.

"ಯಾಕಜ್ಜಿ?" ಅಂತ ಅಧಿಕಾರಿ ಕೇಳಿದರು.

"ಇನ್ನೇನಪ್ಪ ಮತ್ತೆ? ಹೊಸಾ ಸಾಮಾನು. ಇವರು ಹೀಗೆ ಬಿಸಿಲಲ್ಲಿ ಬಿಟ್ಟು ಹೋದ್ರು. ಇಡೀ ದಿನ ಬಿಸಿಲು ಹೊಡೆದ್ರೆ ಹಾಳಾಗಲ್ವಾ? ಅವರು ಹೋದ ಸಂಜೆನೇ ಹೊದಿಸಿದೆ. ಒಂದು ಚೂರು ಬಿಸಿಲು ತಾಗೋಕೆ ಬಿಟ್ಟಿಲ್ಲ, ಬೇಕಾದ್ರೆ ನೋಡಿ."

ಅಧಿಕಾರಿ ಟ್ಯಾಂಕಿನ ಕಟ್ಟೆ ಮೇಲೆ ಕೂತುಬಿಟ್ಟರು. ಅವರು ನಕ್ಕ ನಗುವಿಗೆ ಪಕ್ಕದ ತಾರಸಿಯವರೂ ಬಟ್ಟೆ ಒಗೆಯುವುದು ಬಿಟ್ಟು ನೋಡಿದರು. ಕಣ್ಣು ಒರೆಸಿಕೊಂಡು ಕಂಬಳಿಯನ್ನು ತಾವೇ ಎಳೆದು ಹಾಕಿದರು. ಕೆಳಗೆ ನಮ್ಮ ಲೈಟನ್ನು ಮತ್ತೆ ಜೋಡಿಸಿದೆವು. ಎರಡು ಲೋಟ ಕಾಫಿ ಮುಗಿಯುವ ಹೊತ್ತಿಗೆ ಅದು ಸಣ್ಣಗೆ, ತನ್ನದೇ ಬೆಳಕಿನಲ್ಲಿ, ಉರಿಯಿತು. ಮನೆಯ ಕರೆಂಟು ಆಗಲೂ ಬಂದಿರಲಿಲ್ಲ. ಅಧಿಕಾರಿ ಅದೇ ಬೆಳಕಿನಲ್ಲಿ ಫೈಲು ತರಿಸಿ ಸಹಿ ಹಾಕಿದರು. ನನಗೆ ಇನ್ನೊಂದು ವರ್ಷ ತಾರಸಿಗಳು ಸಿಕ್ಕವು.

ಹೊರಡುವ ಮುಂಚೆ ಅವರು ಅಜ್ಜಿಯ ಪಕ್ಕ ಕೂತು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. "ಅಜ್ಜಿ, ಅದಕ್ಕೆ ಬಿಸಿಲೇ ಊಟ. ಬಿಸಿಲು ಬಿದ್ರೇನೇ ದೀಪ ಉರಿಯೋದು. ಹಗಲು ಹೊತ್ತು ಅದನ್ನ ಮುಚ್ಚಲೇಬಾರದು."

ಅಜ್ಜಿ ಎಲ್ಲಾ ಕೇಳಿಸಿಕೊಂಡು ತಲೆಯಾಡಿಸಿದರು.

"ಹಾಗಾದ್ರೆ ರಾತ್ರಿ ಹೊದಿಸ್ಲಾ? ಮಂಜು ಬೀಳುತ್ತೆ."

ಅಧಿಕಾರಿ ಪ್ರೊಫೆಸರ್ ಕಡೆ ನೋಡಿದರು. ಪ್ರೊಫೆಸರ್ ಪ್ರಾಮಾಣಿಕ ಮನುಷ್ಯ, ಯಾವ ಪ್ರಶ್ನೆಯನ್ನೂ ಹಗುರವಾಗಿ ತೆಗೆದುಕೊಂಡವರಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ರಾತ್ರಿ ಹೊದಿಸೋದಕ್ಕೆ ಏನೂ ಅಭ್ಯಂತರ ಇಲ್ಲ," ಅಂದರು.

ಅಜ್ಜಿಯ ಮುಖಕ್ಕೆ ಕಳೆ ಬಂತು. "ಅಷ್ಟು ಹೇಳಿ ಮತ್ತೆ," ಅಂತ ಸೆರಗು ಸರಿಮಾಡಿಕೊಂಡು ಪ್ರೊಫೆಸರ್ ಹತ್ತಿರ ಬಂದು ಕೇಳಿದರು:

"ಒಂದೇ ಕಂಬಳಿ ಸಾಕಾಗುತ್ತಾ?"